ಓಪನ್ ಸೋರ್ಸ್ ಎಐ: ಮೊದಲ ಪುಲ್ ರಿಕ್ವೆಸ್ಟ್ ಕಳಿಸುವ ಬಗೆ

ಎಐ ತಂತ್ರಾಂಶಕ್ಕೆ ಕೋಡ್ ಬರೆಯಲು ಗಣಿತದಲ್ಲಿ ಪಿಎಚ್.ಡಿ. ಬೇಕು, ಮನೆಯಲ್ಲಿ ದುಬಾರಿ ಜಿಪಿಯು (ಎಐ ಲೆಕ್ಕಗಳನ್ನು ವೇಗವಾಗಿ ಮಾಡುವ ಚಿಪ್) ಇರಬೇಕು ಎಂದುಕೊಂಡು ಹಿಂಜರಿಯುವವರಿದ್ದಾರೆ. ಶುರುಮಾಡಲು ಎರಡೂ ಬೇಡ. ಪುಲ್ ರಿಕ್ವೆಸ್ಟ್ ಎಂದರೆ ನೀವು ಮಾಡಿದ ಬದಲಾವಣೆಯನ್ನು ಯೋಜನೆಗೆ ಸೇರಿಸಿಕೊಳ್ಳಿ ಎಂದು ಕಳಿಸುವ ಕೋರಿಕೆ, ಅಷ್ಟೇ. ಪೈಟಾರ್ಚ್, ಟೆನ್ಸರ್‌ಫ್ಲೋ, ಸೈಕಿಟ್-ಲರ್ನ್‌ನಂಥ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಎಐ ಲೈಬ್ರರಿ ಯೋಜನೆಗಳ ಒಳಹೊಕ್ಕು ನೋಡಿ. ಫೈಲ್ ಓದುವ ಕೋಡ್, ತಪ್ಪು ಇನ್‌ಪುಟ್ ಬಂದಾಗ ತೋರಿಸುವ ಸಂದೇಶ, ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್, ಬಳಸುವ ಬಗೆ ಹೇಳುವ ಡಾಕ್ಯುಮೆಂಟೇಶನ್ ಇಂಥವೇ ಹೇರಳವಾಗಿರುತ್ತವೆ. ಸೈಕಿಟ್-ಲರ್ನ್ ಹುಟ್ಟಿದ್ದೇ 2007ರಲ್ಲಿ, ಹೊಸಬರನ್ನು ಓಪನ್ ಸೋರ್ಸ್ ಕೆಲಸಕ್ಕೆ ತರುವ ಗೂಗಲ್ ಸಮ್ಮರ್ ಆಫ್ ಕೋಡ್‌ನ ಯೋಜನೆಯಾಗಿ. ಇಂದು ದೊಡ್ಡ ಯೋಜನೆಗಳಲ್ಲಿ ಕೋಡ್ ಕಳಿಸುವವರಿಗೆ ಬರವಿಲ್ಲ. ಬಂದದ್ದನ್ನು ಓದಿ ಪರಿಶೀಲಿಸುವ ಮೇಂಟೇನರ್‌ಗಳಿಗೆ ಪುರುಸೊತ್ತಿಲ್ಲ. ಅವರ ಹೊರೆ ಇಳಿಸುವಂತೆ ಕೆಲಸ ಮಾಡಿದವರ ಕೋಡ್ ಬೇಗ ಒಳಸೇರುತ್ತದೆ.

ಯೋಜನೆ ಆರಿಸಿಕೊಳ್ಳಿ

ನೀವು ಈಗಾಗಲೇ ಬಳಸುತ್ತಿರುವ ಲೈಬ್ರರಿಯೇ ಒಳ್ಳೆಯದು. ಅದು ಎಲ್ಲಿ ಕೈಕೊಡುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ. ಕಳೆದ ಕೆಲವು ವಾರಗಳಲ್ಲಿ ಹೊರಗಿನವರ ಬದಲಾವಣೆಗಳು ಮರ್ಜ್ ಆಗಿವೆಯೇ (ಮೂಲ ಕೋಡಿಗೆ ಸೇರಿವೆಯೇ) ನೋಡಿ. ಕೋಡನ್ನು ಯಾರು ಹೇಗೆ ಬಳಸಬಹುದೆಂದು ಹೇಳುವ ಲೈಸೆನ್ಸ್ ಓದಿ. ಸೈಕಿಟ್-ಲರ್ನ್‌ಗೆ ಬಿಎಸ್‌ಡಿ, ಟೆನ್ಸರ್‌ಫ್ಲೋಗೆ ಅಪಾಚೆ 2.0, ಭಾಷಾ ಮಾಡೆಲ್‌ಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಓಡಿಸುವ ಲಾಮಾ.ಸಿಪಿಪಿಗೆ ಎಂಐಟಿ ಲೈಸೆನ್ಸ್ ಇದೆ; ಮೂರೂ ಧಾರಾಳ ಅನುಮತಿ ಕೊಡುವಂಥವು. ಎಐ ಲೋಕದಲ್ಲಿ 'ಓಪನ್' ಎನ್ನುವ ಹಣೆಪಟ್ಟಿ ಕಂಡಕಂಡಲ್ಲಿ ಅಂಟಿಕೊಂಡಿರುತ್ತದೆ, ಅದನ್ನು ನಂಬಿ ಕೂರಬೇಡಿ. ಮೆಟಾ ಸಂಸ್ಥೆಯ ಲಾಮಾ 2 ಮಾಡೆಲನ್ನು ಡೌನ್‌ಲೋಡ್ ಮಾಡಬಹುದು ನಿಜ. ಆದರೆ ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಕಂಪನಿಗಳು ಬೇರೆ ಅನುಮತಿ ಪಡೆಯಬೇಕೆಂಬ ಷರತ್ತು ಅದರ ಲೈಸೆನ್ಸ್‌ನಲ್ಲಿತ್ತು.

ಸಮಸ್ಯೆ ಹುಡುಕಿ

ಗಿಟ್‌ಹಬ್‌ನಂಥ ಕೋಡ್ ಹಂಚುವ ತಾಣದಲ್ಲಿ ಸಮಸ್ಯೆಯ ವರದಿಗೆ 'ಇಶ್ಯೂ' ಎನ್ನುತ್ತಾರೆ. ಅಲ್ಲಿ 'ಗುಡ್ ಫಸ್ಟ್ ಇಶ್ಯೂ' ಎಂಬ ಲೇಬಲ್ ಹೊಸಬರಿಗಾಗಿಯೇ ಇದೆ. ಆದರೆ ಅದರ ಮೇಲೆ ಎಲ್ಲರ ಕಣ್ಣೂ ಇರುವುದರಿಂದ, ಬೇರೆ ಯಾರಾದರೂ ಆಗಲೇ ಕೈಹಾಕಿದ್ದಾರೆಯೇ ಎಂದು ನೋಡಿಕೊಂಡು ಮುಂದುವರಿಯಿರಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಯಾರೋ ವರದಿ ಮಾಡಿ ಬಿಟ್ಟ ಬಗ್ ಒಂದನ್ನು ಎತ್ತಿಕೊಂಡು ನಿಮ್ಮ ಕಂಪ್ಯೂಟರಿನಲ್ಲೂ ಬರುತ್ತದೆಯೇ ಪರೀಕ್ಷಿಸಿ. ಬಗ್ ತೋರಿಸಲು ವರದಿಯಲ್ಲಿ ಕೊಟ್ಟ ನೂರು ಸಾಲಿನ ಕೋಡನ್ನು ಹತ್ತು ಸಾಲಿಗೆ ಇಳಿಸಿ, ಪೈಥಾನ್ ಮತ್ತು ಲೈಬ್ರರಿಯ ವರ್ಷನ್‌ ಸಮೇತ ಇಶ್ಯೂದಲ್ಲಿ ಬರೆಯಿರಿ. ಲೈಬ್ರರಿಯ ಒಂದು ಸಾಲನ್ನೂ ತಿದ್ದದೆ ಮಾಡಿದ ಈ ಕೆಲಸಕ್ಕೆ ಮೇಂಟೇನರ್‌ಗಳು ಬಹಳ ಬೆಲೆ ಕೊಡುತ್ತಾರೆ.

ಕೋಡ್ ಇಳಿಸಿಕೊಳ್ಳಿ

ಇದು ಸರಳ. ಯೋಜನೆಯ ಕೋಡ್ ಇರುವ ರೆಪೊಸಿಟರಿಯನ್ನು ಫೋರ್ಕ್ ಮಾಡಿ (ನಿಮ್ಮ ಖಾತೆಯಲ್ಲಿ ಅದರ ಪ್ರತಿ ಮಾಡಿಕೊಳ್ಳಿ), ಅದನ್ನು ನಿಮ್ಮ ಕಂಪ್ಯೂಟರಿಗೆ ಕ್ಲೋನ್ ಮಾಡಿ (ಇಳಿಸಿಕೊಳ್ಳಿ), ನಿಮ್ಮ ಬದಲಾವಣೆಗೆಂದೇ ಕವಲಾಗುವ ಹೊಸ ಬ್ರ್ಯಾಂಚ್ ತೆರೆಯಿರಿ, ಬೇರೆ ತಂತ್ರಾಂಶಗಳಿಗೆ ತಗಲದಂತೆ ಪ್ರತ್ಯೇಕವಾಗಿಡುವ ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗೆ ಇನ್‌ಸ್ಟಾಲ್ ಮಾಡಿ. 'ಕಾಂಟ್ರಿಬ್ಯೂಟಿಂಗ್' ಫೈಲಿನಲ್ಲಿ ಆಜ್ಞೆಗಳೆಲ್ಲ ಇರುತ್ತವೆ. ಪೈಟಾರ್ಚ್ ಅನ್ನು ಮೂಲ ಕೋಡಿನಿಂದ ಕಂಪೈಲ್ ಮಾಡಲು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಮೊದಲ ಸಲಕ್ಕೆ ಚಿಕ್ಕ ಯೋಜನೆ ವಾಸಿ.

ಟೆಸ್ಟ್ ಬರೆಯಿರಿ

ಎಐ ಕೋಡ್ ಬೇರೆ ಕೋಡಿಗಿಂತ ಭಿನ್ನವಾಗುವುದು ಇಲ್ಲಿ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರು ದ್ವಿಮಾನದಲ್ಲಿ ಅಂದಾಜಾಗಿ ಇಟ್ಟುಕೊಳ್ಳುತ್ತದೆ. ಸಾವಿರಾರು ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೂ ಉತ್ತರ ಕೊನೆಯ ಅಂಕಿಗಳಲ್ಲಿ ಬದಲಾಗಬಹುದು, ಮತ್ತು ಜಿಪಿಯುನಲ್ಲಿ ಆ ಕ್ರಮ ಸಿಪಿಯುನಂತೆಯೇ ಇರಬೇಕೆಂದಿಲ್ಲ. ಆದ್ದರಿಂದ 'ಉತ್ತರ ಇಷ್ಟೇ ಬರಬೇಕು' ಎಂದು ಟೆಸ್ಟ್ ಬರೆದರೆ ನಿಮ್ಮಲ್ಲಿ ಪಾಸಾಗಿ ಬೇರೆಯವರಲ್ಲಿ ಫೇಲಾಗಬಹುದು. ಸಂಖ್ಯೆಗಳ ಲೆಕ್ಕಕ್ಕಿರುವ ಪೈಥಾನ್ ಲೈಬ್ರರಿ ನಮ್‌ಪೈನ 'ಅಸರ್ಟ್ ಆಲ್‌ಕ್ಲೋಸ್', ಪೈಟಾರ್ಚ್‌ನ 'ಅಸರ್ಟ್ ಕ್ಲೋಸ್' ಫಂಕ್ಷನ್‌ಗಳು ಇಂತಿಷ್ಟು ವ್ಯತ್ಯಾಸವನ್ನು ಸಹಿಸುತ್ತವೆ, ಅವನ್ನೇ ಬಳಸಿ. ಯಾದೃಚ್ಛಿಕ ಸಂಖ್ಯೆಗಳಿದ್ದರೆ ಸೀಡ್ (ಪ್ರತಿ ಸಲವೂ ಅವೇ ಸಂಖ್ಯೆಗಳು ಬರುವಂತೆ ಮಾಡುವ ಆರಂಭಿಕ ಸಂಖ್ಯೆ) ನಿಗದಿ ಮಾಡಿ. ಟೆಸ್ಟ್ ಓಡಿಸಲು ಗಿಗಾಬೈಟ್‌ಗಟ್ಟಲೆ ಮಾಡೆಲ್ ಇಳಿಸಬೇಕಾದ ಸ್ಥಿತಿ ತರಬೇಡಿ. ಎರಡು ಲೇಯರಿನ (ಪದರದ) ಪುಟ್ಟ ಮಾಡೆಲ್ ಸಾಕು. ಇನ್ನೊಂದು ಪರೀಕ್ಷೆ: ನಿಮ್ಮ ತಿದ್ದುಪಡಿಯನ್ನು ತೆಗೆದಾಗ ಆ ಟೆಸ್ಟ್ ಫೇಲಾಗಲೇಬೇಕು. ಆಗದಿದ್ದರೆ ಅದು ಬಗ್ಗನ್ನು ಹಿಡಿಯುತ್ತಿಲ್ಲ ಎಂದರ್ಥ.

ಕಳಿಸಿ, ಕಾಯಿರಿ

ಒಂದು ಪುಲ್ ರಿಕ್ವೆಸ್ಟ್‌ನಲ್ಲಿ ಒಂದೇ ವಿಷಯ. ದಾರಿಯಲ್ಲಿ ಕಂಡ ಸ್ಪೇಸು, ಅಲ್ಪವಿರಾಮಗಳನ್ನೆಲ್ಲ ತಿದ್ದುತ್ತ ಹೋದರೆ ಓದುವವರಿಗೆ ಅಸಲು ಬದಲಾವಣೆ ಯಾವುದೆಂದೇ ತಿಳಿಯುವುದಿಲ್ಲ. ಏನು ಕೆಟ್ಟಿತ್ತು, ಯಾಕೆ, ಹೇಗೆ ಸರಿಪಡಿಸಿದಿರಿ ಎಂದು ನಾಲ್ಕು ಸಾಲಿನಲ್ಲಿ ಹೇಳಿ. ಕೆಲವು ಯೋಜನೆಗಳು ನಿಮ್ಮ ಕೋಡ್ ಬಳಸಲು ಯೋಜನೆಗೆ ಹಕ್ಕು ಕೊಡುವ ಕಾಂಟ್ರಿಬ್ಯೂಟರ್ ಒಪ್ಪಂದಕ್ಕೆ ಸಹಿ ಕೇಳುತ್ತವೆ. ಕೆಲಸದಲ್ಲಿರುವವರು ಸಹಿಗೆ ಮೊದಲು ತಮ್ಮ ಕಂಪನಿಯ ನಿಯಮ ನೋಡಿಕೊಳ್ಳಲಿ. ಚಾಟ್‌ಬಾಟ್‌ನಿಂದ ಕೋಡ್ ಬರೆಸಿದ್ದರೆ ಯೋಜನೆಯ ನಿಯಮ ಅದಕ್ಕೆ ಒಪ್ಪುತ್ತದೆಯೇ ನೋಡಿ, ಮುಚ್ಚಿಡಬೇಡಿ. ಪ್ರತಿ ಸಾಲನ್ನೂ ನೀವೇ ವಿವರಿಸಲಾಗದಿದ್ದರೆ ಕಳಿಸದಿರುವುದೇ ಮೇಲು.

ಗಿಟ್‌ಹಬ್‌ನಲ್ಲಿ ಹೊಸಬರ ಕೋಡಿನ ಮೇಲೆ ಸ್ವಯಂಚಾಲಿತ ಪರೀಕ್ಷೆ ಓಡಲು ಹಲವು ಕಡೆ ಮೇಂಟೇನರ್ ಅನುಮತಿ ಬೇಕು. ಹಾಗಾಗಿ ಮೊದಲ ಕೆಲವು ದಿನ ಏನೂ ಕದಲದಿದ್ದರೆ ಗಾಬರಿಯಾಗಬೇಡಿ. ಎರಡು ವಾರ ಕಳೆದ ಮೇಲೆ ಒಮ್ಮೆ ಮೆಲ್ಲಗೆ ನೆನಪಿಸಬಹುದು. ರಿವ್ಯೂನಲ್ಲಿ ಬದಲಾವಣೆ ಕೇಳಿದರೆ ಅದೇ ಬ್ರ್ಯಾಂಚ್‌ಗೆ ಪುಶ್ ಮಾಡಿ (ತಿದ್ದಿದ್ದನ್ನು ಕಳಿಸಿ); ಹೊಸ ಪುಲ್ ರಿಕ್ವೆಸ್ಟ್ ತೆರೆಯಬೇಡಿ. ಮರ್ಜ್ ಆದ ಮೇಲೆ ಆ ಬ್ರ್ಯಾಂಚ್ ಅಳಿಸಿ, ಫೋರ್ಕನ್ನು ಮೂಲ ರೆಪೊಸಿಟರಿಯೊಂದಿಗೆ ಸಿಂಕ್ ಮಾಡಿಕೊಳ್ಳಿ.