ಕರೆಂಟ್ ಹೋಗಿ ಬಂದಾಗಲೆಲ್ಲ ಕಾಣೆಯಾಗುತ್ತಿದ್ದ ನಮ್ಮನೆ ರಾಸ್ಪ್‌ಬೆರಿ ಪೈ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಒಣಹಾಕುವುದು ತಾರಸಿ ಮೇಲೆ. ಅಪ್ಪಯ್ಯನಿಗೆ ಮಂಡಿ ನೋವು. ಮೋಡ ಕಟ್ಟಿತಾ, ಮಂಗ ಬಂತಾ ಅಂತ ನೋಡಲು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಬೇಕಿತ್ತು. ಅದನ್ನು ತಪ್ಪಿಸಲು ಒಂದು ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್) ತಂದು, ಕ್ಯಾಮರಾ ಜೋಡಿಸಿ, ತಾರಸಿಯ ಮೆಟ್ಟಿಲ ಮನೆಯಲ್ಲಿ ಇಟ್ಟೆ. ರೌಟರ್‌ನಿಂದ ಅಲ್ಲಿಗೆ ಕೇಬಲ್ ಎಳೆದೆ. ಮನೆಯ ನೆಟ್‌ವರ್ಕ್‌ನಲ್ಲಿ ರೌಟರ್ ಪೈಗೆ ಕೊಟ್ಟ ವಿಳಾಸ (ಐಪಿ) 192.168.1.105. ಅದನ್ನೇ ಅಪ್ಪಯ್ಯನ ಫೋನಿನಲ್ಲಿ ಐಕಾನ್ ಮಾಡಿ ಕೊಟ್ಟೆ. ಒತ್ತಿದರೆ ತಾರಸಿ ಕಾಣಬೇಕು, ಅಷ್ಟೇ.

ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೇ ದಿನ ಕರೆಂಟ್ ಹೋಗಿ ಬಂತು. ನಾನು ಆಗ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆ. "ಮಾರಾಯ, ಇದ್ರಲ್ಲಿ ಏನೂ ಬರ್ತಿಲ್ಲ ನೋಡು" ಅಂತ ಅಪ್ಪಯ್ಯ ಫೋನ್ ಹಿಡಿದು ಬಂದರು. ರೌಟರ್ ಆಫ್ ಆಗಿ ಆನ್ ಆದಾಗ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಅನ್ನೋದನ್ನ ಮರೆತಿತ್ತು. ಪೈಗೆ ಈಗ ಕೊನೆಯ 105ರ ಬದಲು 108 ಸಿಕ್ಕಿತ್ತು. ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ. ಪ್ರತಿ ಸಲ ಐಕಾನ್ ಬದಲಿಸಿಕೊಡುವುದಕ್ಕೆ ಆಗುತ್ತಾ? ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ, ಹಾಕಿಬಿಡೋಣ ಅಂತ ಕೂತೆ.

ಹಳೆಯ ಪೈಗಳಲ್ಲಿ ಈ ಕೆಲಸ ಮಾಡಿದ್ದೆ. ಇಟಿಸಿ ಫೋಲ್ಡರಿನ ಡಿಎಚ್‌ಸಿಪಿಸಿಡಿ ಡಾಟ್ ಕಾನ್ಫ್ ಫೈಲ್ ತೆರೆದು, ವಿಳಾಸ, ಗೇಟ್‌ವೇ (ರೌಟರ್‌ನ ವಿಳಾಸ), ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಬರೆದು ರೀಬೂಟ್ ಮಾಡಿದರೆ ಮುಗಿಯಿತು. ಈ ಸಲ ಆ ಫೈಲೇ ಇರಲಿಲ್ಲ. ಇಲ್ಲದಿದ್ದರೆ ಮಾಡಿದರಾಯ್ತು ಅಂತ ಹೊಸದಾಗಿ ಬರೆದು ರೀಬೂಟ್ ಮಾಡಿದೆ. ಮತ್ತೆ 108. ಚುಕ್ಕಿ, ಸ್ಪೇಸ್ ಎಲ್ಲಾ ಮೂರು ಸಲ ಓದಿದೆ, ತಪ್ಪು ಕಾಣಲಿಲ್ಲ. ಆಮೇಲೆ ಸಿಸ್ಟಮ್‌ಸಿಟಿಎಲ್‌ನಲ್ಲಿ ಆ ಫೈಲನ್ನು ಓದುವ ಡಿಎಚ್‌ಸಿಪಿಸಿಡಿ ಸರ್ವಿಸ್‌ನ ಸ್ಟೇಟಸ್ ಕೇಳಿದಾಗ ವಿಷಯ ಗೊತ್ತಾಯಿತು. ಅಂಥ ಸರ್ವಿಸ್ ಈ ಮೆಷಿನ್‌ನಲ್ಲಿ ಇಲ್ಲವೇ ಇಲ್ಲ!

ನಾನು ಹಾಕಿದ್ದು ಪೈನ ಓಎಸ್‌ನ ಬುಕ್‌ವರ್ಮ್ ಆವೃತ್ತಿ. 2023ರ ಅಕ್ಟೋಬರ್‌ನಲ್ಲಿ ಬಂದ ಈ ಆವೃತ್ತಿಯಿಂದ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. ಅದಕ್ಕೂ ಹಿಂದಿನ ಬುಲ್ಸ್‌ಐವರೆಗೆ ಡಿಎಚ್‌ಸಿಪಿಸಿಡಿ ಇತ್ತು. ನಾನು ಬರೆದ ಫೈಲನ್ನು ಓದುವವರೇ ಇಲ್ಲದಿದ್ದರೆ ಎಷ್ಟು ಸರಿ ಬರೆದರೇನು ಬಂತು? ಹಾಗಾಗಿ ಯಾರಾದರೂ ಸ್ಟ್ಯಾಟಿಕ್ ಐಪಿ ಹಿಡೀತಿಲ್ಲ ಅಂದರೆ ನಾನು ಮೊದಲು ಕೇಳುವುದು ಓಎಸ್ ಯಾವುದು ಅಂತ. ಇಟಿಸಿಯಲ್ಲೇ ಇರುವ ಓಎಸ್-ರಿಲೀಸ್ ಫೈಲ್ ನೋಡಿದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಇನ್ನು ಎನ್‌ಎಂಸಿಎಲ್‌ಐ, ಅಂದರೆ ನೆಟ್‌ವರ್ಕ್‌ಮ್ಯಾನೇಜರ್ ಜೊತೆ ಮಾತಾಡುವ ಕಮಾಂಡ್. ಅದರಲ್ಲಿ ಕನೆಕ್ಷನ್ ಶೋ ಅಂದರೆ ಹೆಸರುಗಳ ಪಟ್ಟಿ ಬರುತ್ತದೆ. ನನ್ನದು ವೈರ್ಡ್ ಕನೆಕ್ಷನ್ 1. ಹೆಸರಿನಲ್ಲಿ ಸ್ಪೇಸ್ ಇರುವುದರಿಂದ ಉದ್ಧರಣ ಚಿಹ್ನೆಯೊಳಗೆ ಹಾಕಲೇಬೇಕು. ಅಪ್ಪಯ್ಯನ ಐಕಾನ್‌ನಲ್ಲಿ 105 ಇತ್ತಲ್ಲ, ಅದನ್ನೇ ಉಳಿಸೋಣ ಅಂತ 192.168.1.105/24 ಕೊಟ್ಟೆ (/24 ಅಂದರೆ ಮೊದಲ ಮೂರು ಸಂಖ್ಯೆ ಮನೆಯ ನೆಟ್‌ವರ್ಕ್‌ನದು). ಗೇಟ್‌ವೇ 192.168.1.1. ಮೆಥಡ್ ಮ್ಯಾನುಯಲ್, ಅಂದರೆ ರೌಟರ್‌ನ್ನು ಕೇಳದೆ ನಾನು ಕೊಟ್ಟ ವಿಳಾಸವನ್ನೇ ಹಾಕಿಕೊಳ್ಳುವುದು. ವಿಳಾಸ ಕೊಡುವ ಮೊದಲೇ ಮ್ಯಾನುಯಲ್ ಅಂದರೆ ಅದು ಒಪ್ಪುವುದಿಲ್ಲ, ಎಲ್ಲಾ ಒಂದೇ ಸಾಲಿನಲ್ಲಿ ಕೊಡುವುದು ಸುಲಭ. ಆಮೇಲೆ ಕನೆಕ್ಷನ್ ಅಪ್ ಅಂದ ಕೂಡಲೇ ನನ್ನ ಎಸ್‌ಎಸ್‌ಎಚ್ ಕಿಟಕಿ (ದೂರದಿಂದ ಪೈಗೆ ಲಾಗಿನ್ ಆಗಿದ್ದ ಕಿಟಕಿ) ಸ್ತಬ್ಧವಾಯಿತು. ಹೆದರಬೇಕಿಲ್ಲ. ವಿಳಾಸ ಬದಲಾಗಿದೆ, ಹೊಸ ವಿಳಾಸಕ್ಕೆ ಮತ್ತೆ ಲಾಗಿನ್ ಆದರಾಯಿತು.

ಒಳಗೆ ಹೋಗಿ ನೋಡಿದರೆ ಗೂಗಲ್‌ನ 8.8.8.8ಕ್ಕೆ ಪಿಂಗ್ (ಇದ್ದೀಯಾ ಅಂತ ಕೇಳುವ ಸಂದೇಶ) ಹೋಗುತ್ತಿದೆ, ಹೆಸರಿನ ಯಾವ ಸೈಟಿಗೂ ಹೋಗುತ್ತಿಲ್ಲ. ಡಿಎನ್‌ಎಸ್ ಕೊಡುವುದು ಬಿಟ್ಟುಹೋಗಿತ್ತು. ಕೊಟ್ಟ ಮೇಲೆ ಸರಿಯಾಯಿತು.

ನಿಜವಾದ ತಲೆನೋವು ಶುರುವಾಗಿದ್ದು ಇದಾದ ಮೇಲೆ. ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಕ್ಯಾಮರಾ ಐದು ನಿಮಿಷ ಬರುವುದು, ಐದು ನಿಮಿಷ ಹೋಗುವುದು. ಕೇಬಲ್ ಹಾಳಾಗಿರಬೇಕು ಅಂದುಕೊಂಡೆ. ಲ್ಯಾಪ್‌ಟಾಪ್‌ನಲ್ಲಿ 105ಕ್ಕೆ ಪಿಂಗ್ ಓಡುತ್ತಿರಲಿ ಅಂತ ಬಿಟ್ಟು, ಮೇಲೆ ಹೋಗಿ ಪೈನಿಂದ ಕೇಬಲ್ ಕಿತ್ತೆ. ಕೆಳಗೆ ಬಂದು ನೋಡಿದರೆ ಪಿಂಗ್‌ಗೆ ಉತ್ತರ ಬರುತ್ತಲೇ ಇದೆ. ಕೇಬಲ್ ಕಿತ್ತು ಬಂದವನು ನಾನೇ, ಹಾಗಾದರೆ 105 ಅಂತ ಉತ್ತರ ಕೊಡುತ್ತಿರುವುದು ಯಾರು?

ಲ್ಯಾಪ್‌ಟಾಪ್‌ನಲ್ಲಿ ಎಆರ್‌ಪಿ ಪಟ್ಟಿ, ಅಂದರೆ ಯಾವ ವಿಳಾಸ ಯಾವ ಸಾಧನದ್ದು ಅನ್ನುವ ಪಟ್ಟಿ, ತೆಗೆದೆ. ನನ್ನ ಪೈನ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಶುರುವಾಗುವುದು ಡಿಸಿ, ಎ6, 32 ಅಂತ. 105ರ ಮುಂದೆ ಇದ್ದದ್ದು ಬೇರೆಯೇ. ಅಮ್ಮನ ಫೋನಿನ ವೈಫೈ ವಿವರ ತೆರೆದು ಹೋಲಿಸಿದೆ. ಅಕ್ಷರ ಅಕ್ಷರವೂ ಅದೇ!

ನಡೆದದ್ದು ಇಷ್ಟು. ಕರೆಂಟ್ ಬಂದಾಗ ರೌಟರ್ ಎದ್ದಿತು. ಪೈ ಇನ್ನೂ ಬೂಟ್ ಆಗುತ್ತಿತ್ತು. ಅಷ್ಟರಲ್ಲಿ ಅಮ್ಮನ ಫೋನ್ ವಿಳಾಸ ಕೇಳಿತು. ರೌಟರ್ ಲೆಕ್ಕದಲ್ಲಿ 105 ಖಾಲಿ ಇತ್ತು, ಕೊಟ್ಟುಬಿಟ್ಟಿತು. ಆಮೇಲೆ ಎದ್ದ ಪೈ, ಯಾರನ್ನೂ ಕೇಳದೆ ಅದೇ 105 ಹಾಕಿಕೊಂಡಿತು. ಪೈನಲ್ಲಿ ನಾನು ಎಷ್ಟೇ ಗಟ್ಟಿಯಾಗಿ ಬರೆದರೂ ರೌಟರ್‌ಗೆ ಅದು ಗೊತ್ತಿಲ್ಲ. ಅದರ ಪಾಲಿಗೆ 2ರಿಂದ 254ರವರೆಗೂ ತಾನು ಹಂಚಬಹುದಾದ ವಿಳಾಸಗಳೇ.

ಇದಕ್ಕೆ ಎರಡು ದಾರಿ. ರೌಟರ್ ಹಂಚುವ ಸಾಲನ್ನು 100ರಿಂದ 200ಕ್ಕೆ ಇಳಿಸಿ, ಪೈಗೆ 50 ಕೊಡುವುದು ಒಂದು. ಪೈ ಮತ್ತೆ ರೌಟರ್‌ನ್ನೇ ವಿಳಾಸ ಕೇಳುವಂತೆ ಮಾಡಿ, ರೌಟರ್‌ನಲ್ಲೇ ಈ ಮ್ಯಾಕ್‌ಗೆ ಈ ವಿಳಾಸ ಅಂತ ಕಾದಿರಿಸುವುದು ಇನ್ನೊಂದು. ನಾನು ಎರಡನೆಯದನ್ನು ಆರಿಸಿ, ಪೈಗೆ 50 ಕಾದಿರಿಸಿದೆ. ನಮ್ಮ ಕಡೆ ಸಿಡಿಲಿಗೆ ರೌಟರ್ ಸುಡುವುದು ಮಾಮೂಲು. ಹೊಸದರ ವಿಳಾಸ 192.168.0.1 ಆಗಿದ್ದರೆ ಸ್ಟ್ಯಾಟಿಕ್ ಪೈ ನೆಟ್‌ವರ್ಕ್‌ನಿಂದಲೇ ಹೊರಗೆ ಬೀಳುತ್ತದೆ. ಮಾನಿಟರ್, ಕೀಬೋರ್ಡ್ ಹೊತ್ತು ತಾರಸಿಗೆ ಹೋಗಬೇಕಾಗುತ್ತದೆ. ಕಾದಿರಿಸಿದ್ದರೆ ಕನಿಷ್ಠ ಯಾವುದೋ ಒಂದು ವಿಳಾಸವಾದರೂ ಸಿಗುತ್ತದೆ, ರೌಟರ್ ಪಟ್ಟಿಯಲ್ಲಿ ಹುಡುಕಬಹುದು.

ಇಲ್ಲೂ ಎರಡು ಕಡೆ ಎಚ್ಚರ ಬೇಕು. ಪೈಗೆ ಕೇಬಲ್‌ಗೊಂದು, ವೈಫೈಗೊಂದು ಮ್ಯಾಕ್ ಇರುತ್ತದೆ. ನಾನು ಮೊದಲು ವೈಫೈಯದ್ದನ್ನು ಬರೆದು ಅರ್ಧ ಗಂಟೆ ಕಳೆದೆ. ಇನ್ನೊಂದು, ಪೈನಲ್ಲಿ ಮೆಥಡ್ ಅನ್ನು ಮತ್ತೆ ಆಟೋ (ರೌಟರ್‌ನಿಂದಲೇ ವಿಳಾಸ) ಮಾಡಿದರೆ ಸಾಲದು. ಹಳೆಯ ವಿಳಾಸ, ಗೇಟ್‌ವೇ, ಡಿಎನ್‌ಎಸ್ ಎಲ್ಲವನ್ನೂ ಖಾಲಿ ಮಾಡಬೇಕು. ಇಲ್ಲದಿದ್ದರೆ ಹಳೆಯ ವಿಳಾಸವೂ ಹೊಸದರ ಜೊತೆ ಉಳಿದುಬಿಡುತ್ತದೆ. ಹೋಸ್ಟ್‌ನೇಮ್ ಕಮಾಂಡಿಗೆ ದೊಡ್ಡ ಐ ಕೊಟ್ಟು ನೋಡಿದಾಗ ನನಗೆ 50, 105 ಎರಡೂ ಕಂಡವು. 105 ಅಳಿಸಿ, ಅಪ್ಪಯ್ಯನ ಐಕಾನ್‌ಗೆ 50 ಹಾಕಿದೆ.

ಪರೀಕ್ಷೆಗೆ ಮೈನ್ ಸ್ವಿಚ್ ಅನ್ನೇ ಮೂರು ಸಲ ಆರಿಸಿ ಹಾಕಿದೆ. ಪ್ರತಿ ಸಲ ಅಮ್ಮನ ಫೋನ್ ಮೊದಲು ಸೇರಿಕೊಂಡಿತು, ಪೈ ಆಮೇಲೆ ಬಂತು, 50 ಅದಕ್ಕೇ ಸಿಕ್ಕಿತು. ಅಪ್ಪಯ್ಯ ಜಗಲಿಯಲ್ಲಿ ಕೂತು ಐಕಾನ್ ಒತ್ತಿದರು. "ಆ ಮೂಲೆಯ ಅಡಿಕೆ ಒಂಚೂರು ಹರವಿ ಬಾ" ಅಂದರು.