ಜೋನಿ ಬೆಲ್ಲದ ಮೆರುಗಿನ ಹಂದಿ ಪಕ್ಕೆಲುಬು

ಚೀನೀ ಶೈಲಿಯ ಪಕ್ಕೆಲುಬಿಗೆ ಜೇನೇ ಆಗಬೇಕೆಂದಿಲ್ಲ, ಮಲೆನಾಡಿನ ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಸೊಗಸಾಗಿ ಅಂಟುತ್ತದೆ. 1 ಕೆ.ಜಿ. ಪಕ್ಕೆಲುಬಿನ ಒಳಬದಿಯ ತೆಳು ಪೊರೆಯನ್ನು ಬಟ್ಟೆಯಲ್ಲಿ ಹಿಡಿದು ಎಳೆದು ತೆಗೆಯಿರಿ. ಬಿಟ್ಟರೆ ಬೆಂದ ಮೇಲೂ ನಾರುನಾರಾಗಿರುತ್ತದೆ. ಜಜ್ಜಿದ ಶುಂಠಿ, ಅರ್ಧ ಲೋಟ ನೀರು ಹಾಕಿ, ಕುಕ್ಕರಿನಲ್ಲಿ ಒಂದು ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿ. ಉಪ್ಪು ಬೇಡ, ಆಮೇಲೆ ಹಾಕುವ ಸೋಯಾ ಸಾಸಿನಲ್ಲೇ ಸಾಕಷ್ಟಿದೆ.

ಅಗಲ ಬಾಣಲೆಯಲ್ಲಿ 4 ದೊಡ್ಡ ಚಮಚ ಸೋಯಾ ಸಾಸ್, 3 ಚಮಚ ಜೋನಿ ಬೆಲ್ಲ, 1 ಚಮಚ ವಿನೆಗರ್, ಜಜ್ಜಿದ 8 ಎಸಳು ಬೆಳ್ಳುಳ್ಳಿ, ಪಕ್ಕೆಲುಬು ಬೆಂದ ನೀರಿನ ಮೇಲಿನ ಕೊಬ್ಬು ತೆಗೆದು ಅದರ ಒಂದು ಸೌಟು ಹಾಕಿ ಕುದಿಸಿ. ಅರ್ಧಕ್ಕೆ ಇಳಿದಾಗ ಪಕ್ಕೆಲುಬು ಹಾಕಿ ಮಗುಚುತ್ತಿರಿ. ಅವಸರಕ್ಕೆ ಉರಿ ಏರಿಸಬೇಡಿ: ಬೆಲ್ಲ ಸೀದರೆ ಬರುವ ಕಹಿಯನ್ನು ಯಾವುದರಿಂದಲೂ ಮುಚ್ಚಲಾಗದು. ರಸ ಸೌಟಿನ ಬೆನ್ನಿಗೆ ಅಂಟಿದ ಕೂಡಲೇ ಇಳಿಸಿ. ಆರಿದಂತೆ ಇನ್ನೂ ಗಟ್ಟಿಯಾಗುತ್ತದೆ.