ಹನ್ನೆರಡು ಇಂಚಿನ ಸ್ಪೀಕರ್ ಆರಿಸುವಾಗ ಯಾವುದನ್ನ ಬಿಟ್ಟುಕೊಡ್ಬೇಕು

ನಮ್ಮ ದಾವಣಗೆರೆಲಿ ಸ್ಪೀಕರ್ ತಗೊಳ್ಳೋಕೆ ಬರೋ ಹುಡುಗ್ರು ಮೊದ್ಲು ಮಾಡೋ ಕೆಲ್ಸ ಏನಂದ್ರೆ ಸ್ಪೀಕರ್ ಮಗುಚಿ ಮ್ಯಾಗ್ನೆಟ್ ಎಷ್ಟು ದಪ್ಪ ಐತೆ ಅಂತ ನೋಡೋದು, ಆಮೇಲೆ ಕೈಯಲ್ಲಿ ಎತ್ತಿ ತೂಕ ನೋಡಿ "ಅಣ್ಣಾ, ಇದು ಸಖತ್ ಬೇಸ್ ಹೊಡಿತದೆ ಅಲ್ವಾ?" ಅನ್ನೋದು. ಅಲ್ಲಪ್ಪ, ಉಲ್ಟಾನೂ ಆಗ್ಬೋದು. ಮ್ಯಾಗ್ನೆಟ್ ಜೋರಾದಷ್ಟೂ ಮಾತು, ಡೋಲು, ತಮಟೆ ಇವೆಲ್ಲ ಜೋರಾಗ್ತವೆ ನಿಜ, ಆದ್ರೆ ತೀರಾ ಕೆಳಗಿನ ಬೇಸ್ ಹತ್ರ ಅದೇ ಮ್ಯಾಗ್ನೆಟ್, ಮುಂದೆ ಹಿಂದೆ ಅಲ್ಲಾಡಿ ಸೌಂಡ್ ಹುಟ್ಸೋ ಕೋನ್‌ಗೆ ಬ್ರೇಕ್ ಹಾಕ್ತದೆ, ಅದಕ್ಕೆ ಅದೇ ಬಾಕ್ಸಲ್ಲಿ ಬೇಸ್ ತೆಳ್ಳಗಾದಂಗೆ ಕೇಳ್ತದೆ.

ಹಂಗಾಗಿ ಕೊಳ್ಳೋಕೆ ಮುಂಚೆ ಮೂರು ವಿಷಯ ತೀರ್ಮಾನ ಮಾಡ್ಕಳಿ: ಬಾಕ್ಸ್ ಎಷ್ಟು ದೊಡ್ಡದು, ಬೇಸ್ ಎಷ್ಟು ಕೆಳಗೆ ಇಳೀಬೇಕು, ಕಮ್ಮಿ ವ್ಯಾಟಲ್ಲಿ ಎಷ್ಟು ಜೋರು ಬರ್ಬೇಕು. ಮೂರರಲ್ಲಿ ಎರಡೇ ನಿಮಗೆ ಸಿಗೋದು. ಇದನ್ನ ಹೋಫ್‌ಮನ್ ಅನ್ನೋರ ಕಬ್ಬಿಣದ ನಿಯಮ ಅಂತಾರೆ, ಅಮೆರಿಕದ ಕೆಎಲ್‌ಎಚ್ ಕಂಪನಿ ಹೆಸರಲ್ಲಿರೋ ಕೊನೇ ಅಕ್ಷರ ಅವ್ರದ್ದೇ. ಸಣ್ಣ ಬಾಕ್ಸಲ್ಲಿ ಭಾರೀ ಬೇಸ್ ಬೇಕಾ, ಹಂಗಾದ್ರೆ ಆಂಪ್ಲಿಫೈಯರ್‌ಗೆ ದುಡ್ಡು ಸುರೀರಿ.

ನಾನು ಇದನ್ನ ಕಲ್ತಿದ್ದು ಹಿರಿಯೂರು ಕಡೆ ಒಂದು ಜಾತ್ರೆಲಿ ಮಾನ ಕಳ್ಕೊಂಡು. ಕಾಲಂ ಬಾಕ್ಸಲ್ಲಿ ಇದ್ದ ಹಳೇ ಪೇಪರ್ ಕೋನಿನ ಸ್ಪೀಕರ್ ತೆಗ್ದು, ದಪ್ಪ ರಬ್ಬರ್ ಅಂಚಿನ ಭಾರದ ಕೋನ್ ಇರೋದು ಹಾಕಿದ್ದೆ, ಅಂಗಡಿಲಿ ಕೇಳಿದಾಗ ಎದೆ ಗುದ್ತಿತ್ತು ಬಿಡಿ. ಬಯಲಲ್ಲಿ ನಿಲ್ಸಿದ್ರೆ ಭಜನೆಯವ್ರ ದನಿ ಮೂರನೇ ಸಾಲಿಗೇ ಸತ್ತೋಯ್ತು, ಆಂಪ್ ಏರಿಸ್ದೆ, ಏರಿಸ್ದೆ, ಕೊನೆಗೆ ಕೋನಿನ ಹಿಂದೆ ಸುತ್ತಿರೋ ತಂತಿ, ಅದೇ ಕಾಯಿಲ್, ಸುಟ್ಟ ವಾಸನೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ರು "ಏನೋ ತಮ್ಮಾ, ಹೊಸಾದು ಅಂದಿದ್ದೆ, ಹಳೇದೇ ವಾಸಿ ಇತ್ತಲ್ಲೋ" ಅಂದ್ರು. ಲೆಕ್ಕ ನೋಡಿ: ಹಳೇದು 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 96 ಡಿಬಿ (ಸೌಂಡ್ ಎಷ್ಟು ಜೋರು ಅನ್ನೋ ಅಳತೆ), ಹೊಸಾದು 87. ಪ್ರತಿ 3 ಡಿಬಿಗೂ ಪವರ್ ಡಬಲ್ ಬೇಕು, ಅಂದ್ರೆ ಹಳೇದು 50 ವ್ಯಾಟಲ್ಲಿ ಮಾಡ್ತಿದ್ದ ಕೆಲ್ಸಕ್ಕೆ ಹೊಸಾದಕ್ಕೆ 400 ವ್ಯಾಟ್! ಅದಕ್ಕೇ ಮೊದ್ಲು ನೋಡ್ಬೇಕಾಗಿರೋ ನಂಬರ್ ಈ 1 ವ್ಯಾಟಿನ ಡಿಬಿ, ಡಬ್ಬಿ ಮೇಲೆ ದೊಡ್ಡದಾಗಿ ಬರ್ದಿರೋ ವ್ಯಾಟ್ ಅಲ್ಲ.

ಆಮೇಲೆ ಕಾಯಿಲ್. ಕೋನ್ ಎಷ್ಟು ಮುಂದೆ ಹಿಂದೆ ಓಡಾಡ್ಬೋದು ಅನ್ನೋದು ಕಾಯಿಲ್ ಉದ್ದದ ಮೇಲೆ ನಿಂತಿರ್ತದೆ. ಕಾಯಿಲ್ 12 ಎಂಎಂ ಎತ್ತರ, ಮ್ಯಾಗ್ನೆಟ್ ಮೇಲಿನ ಪ್ಲೇಟ್ 6 ಎಂಎಂ ದಪ್ಪ ಇದ್ರೆ, ಕಳೆದು ಅರ್ಧ ಮಾಡಿ, ಒಂದೊಂದು ಕಡೆಗೆ 3 ಎಂಎಂ. ಸರಿ, ಉದ್ದ ಕಾಯಿಲ್ ಸುತ್ತಿಸಿಬಿಡೋಣ ಅಂತೀರಾ? ಪ್ಲೇಟ್ ಅಷ್ಟೇ ಇರ್ತದಲ್ಲ, ಕಾಯಿಲ್ ಓಡಾಡೋ ಮ್ಯಾಗ್ನೆಟ್ ಸಂದಿ, ಅಂದ್ರೆ ಗ್ಯಾಪ್, ಅದರ ಆಚೆ ಈಚೆ ಇರೋ ತಂತಿ ಸುಮ್ನೆ ಕರೆಂಟ್ ತಿಂದ್ಕೊಂಡು ಬಿಸಿ ಆಗ್ತದೆ, ಭಾರಾನೂ ಜಾಸ್ತಿ, ಸೌಂಡ್ ಇಳೀತದೆ. ಆದ್ರೆ ಬೇಸ್‌ಗೆ ಓಡಾಟ ಬೇಕೇ ಬೇಕು, ಯಾಕಂದ್ರೆ 80 ಹರ್ಟ್ಸಲ್ಲಿ 3 ಎಂಎಂ ಓಡಾಡೋ ಕೋನ್ ಅಷ್ಟೇ ಜೋರಾಗಿ 40 ಹರ್ಟ್ಸ್ ಕೊಡ್ಬೇಕಂದ್ರೆ 12 ಎಂಎಂ ಓಡಾಡ್ಬೇಕು. ನಾಲ್ಕು ಪಟ್ಟು. ಅದಕ್ಕೇ ಗಣಪತಿ ಪೆಂಡಾಲಿಗೆ ನಾನು 50 ಹರ್ಟ್ಸ್ ಕೆಳಗಿಂದೆಲ್ಲ ಕಟ್ ಮಾಡ್ಸಿಬಿಡ್ತೀನಿ, ಯಾರೂ ಬಂದು ಕೇಳಲ್ಲ.

ಕಾಯಿಲ್ ತಾಮ್ರದ್ದಾ ಅಲ್ಯೂಮಿನಿಯಂದಾ ಅನ್ನೋದೂ ಹಿಂಗೇ. ಅಲ್ಯೂಮಿನಿಯಂ ಹಗುರ, ಹೈ (ತಾಳದಂಥ ಮೇಲಿನ ಸೌಂಡ್) ಚೆನ್ನಾಗಿ ಬರ್ತದೆ, ಆದ್ರೆ ಅಷ್ಟೇ ದಪ್ಪದ ತಂತಿಗೆ ರೆಸಿಸ್ಟೆನ್ಸ್ ಜಾಸ್ತಿ. ಎರಡೂ ಬಿಸಿ ಆದ್ರೆ ಕೈ ಕೊಡ್ತವೆ: ತಾಮ್ರದ ಕಾಯಿಲ್ 100 ಡಿಗ್ರಿ ಜಾಸ್ತಿ ಬಿಸಿ ಆದ್ರೆ ರೆಸಿಸ್ಟೆನ್ಸ್ ಹತ್ರತ್ರ 40 ಪರ್ಸೆಂಟ್ ಏರ್ತದೆ, ಅಲ್ಲಿಗೆ ಆಂಪ್ ಅಷ್ಟೇ ಇದ್ರೂ ಸೌಂಡ್ ಕುಗ್ತದೆ. ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಕರಿ ಬಾಕ್ಸ್ ಮಧ್ಯಾಹ್ನದಿಂದ ನಿಲ್ಸಿದ್ರೆ ಇನ್ನೂ ಬೇಗ, ಮೇಲೊಂದು ನೆರಳು ಕಟ್ಟಿ.

ಇನ್ನು ಬಾಕ್ಸ್. ಎಫ್‌ಎಸ್ ಅಂದ್ರೆ ಕೋನ್ ತಾನಾಗೇ ಕುಣಿಯೋ ಫ್ರೀಕ್ವೆನ್ಸಿ. ಕಂಪನಿ ಕೊಡೋ ನಂಬರ್ ಶೀಟ್ ಇದ್ರೆ ಎಫ್‌ಎಸ್ ನ ಕ್ಯೂಇಎಸ್ (ಮ್ಯಾಗ್ನೆಟ್ ಬ್ರೇಕ್ ಜೋರಾದಷ್ಟೂ ಕಮ್ಮಿ ಆಗೋ ನಂಬರ್) ನಿಂದ ಭಾಗಿಸಿ, 50ಕ್ಕಿಂತ ಕಮ್ಮಿ ಬಂದ್ರೆ ಮುಚ್ಚಿದ ಬಾಕ್ಸ್, 100ರ ಹತ್ರ ಅಥವಾ ಮೇಲೆ ಬಂದ್ರೆ ಪೋರ್ಟ್ (ಗಾಳಿ ಆಡೋ ತೂತು) ಇರೋ ಬಾಕ್ಸ್, ನಡುವೆ ಇದ್ರೆ ನಿಮ್ಮಿಷ್ಟ. ಶೀಟ್ ಇಲ್ದಿದ್ರೆ ಎಫ್‌ಎಸ್ ಆದ್ರೂ ಮನೇಲೇ ಅಳೀಬೋದು: ಸ್ಪೀಕರನ್ನ ಬಾಕ್ಸಿಂದ ಹೊರಗಿಡಿ, ಆಂಪಿಗೂ ಸ್ಪೀಕರಿಗೂ ನಡುವೆ ಸೀರೀಸಲ್ಲಿ ಒಂದು 100 ಓಮ್ಸ್ ರೆಸಿಸ್ಟರ್ ಹಾಕಿ, ಮೊಬೈಲಲ್ಲಿ ಟೋನ್ ಜನರೇಟರ್ ಆಪ್ ಹಾಕ್ಕೊಂಡು 20 ಹರ್ಟ್ಸಿಂದ ನಿಧಾನಕ್ಕೆ ಏರಿಸ್ತಾ ಹೋಗಿ, ವಾಲ್ಯೂಮ್ ಕಮ್ಮಿ ಇರ್ಲಿ. ಸ್ಪೀಕರ್ ಎರಡು ಟರ್ಮಿನಲ್ ಮೇಲೆ ಮಲ್ಟಿಮೀಟರ್ ಎಸಿ ವೋಲ್ಟ್ ಎಲ್ಲಿ ಅತಿ ಹೆಚ್ಚು ತೋರಿಸ್ತದೋ ಅದೇ ಎಫ್‌ಎಸ್. ನಾನು ಕೋನ್ ಮೇಲೆ ನಾಲ್ಕು ಕಾಳು ಮಂಡಕ್ಕಿನೂ ಹಾಕಿರ್ತೀನಿ, ಅಲ್ಲಿಗೆ ಬಂದಾಗ ಅವೂ ಕುಣಿತಾವೆ, ಮಕ್ಳಿಗೆ ಭಾರಿ ಖುಷಿ.

ರೀಕೋನ್ (ಹಳೇ ಕೋನ್, ಕಾಯಿಲ್ ತೆಗ್ದು ಹೊಸಾದು ಕೂರ್ಸೋದು) ಮಾಡ್ಸೋದಾದ್ರೆ ಒಂದು ಮಾತು. ಗ್ಯಾಪ್ ಕಿರಿದಾದಷ್ಟೂ ಮ್ಯಾಗ್ನೆಟ್ ಬಲ ಚೆನ್ನಾಗಿ ಸಿಗ್ತದೆ, ಆದ್ರೆ ಕಾಯಿಲ್ ಕೂದಲೆಳೆಯಷ್ಟು ವಾರೆ ಕೂತ್ರೂ ಉಜ್ತದೆ. ಹಳೇ ಎಕ್ಸ್‌ರೇ ಫಿಲ್ಮ್ ಪಟ್ಟಿ ಕತ್ರಿಸಿ ಕಾಯಿಲ್ ಒಳಗೆ ಸುತ್ತ ಸಿಗಿಸಿ, ಅಂಟು ಪೂರ್ತಿ ಒಣಗೋವರೆಗೂ ತೆಗೀಬೇಡಿ, ಗಡಿಬಿಡಿ ಮಾಡಿದ್ರೆ ಕೆಟ್ಟಂಗೇ. ತೆಗ್ದ ಮೇಲೆ ಎರಡೂ ಕೈ ಬೆರಳಲ್ಲಿ ಕೋನ್ ಸಮವಾಗಿ ಒತ್ತಿ ಕಿವಿ ಹತ್ರ ಇಟ್ಕೊಂಡು ಕೇಳಿ, ಕರ್ ಅಂದ್ರೆ ಮತ್ತೆ ಬಿಚ್ಚಿ. ಸದ್ದು ಬರ್ದಿದ್ರೆ ಎರಡೂ ಸ್ಪೀಕರಿನ ಟರ್ಮಿನಲ್‌ಗೆ ಪೆನ್ಸಿಲ್ ಸೆಲ್ ಪ್ಲಸ್ ಮೈನಸ್ ಒಂದೇ ಥರ ಒಂದ್ಸಲ ತಾಗಿಸಿ, ಜೋಡಿ ಸ್ಪೀಕರ್ ಎರಡೂ ಒಂದೇ ಕಡೆಗೆ ಜಿಗೀಬೇಕು, ಒಂದು ಮುಂದೆ ಒಂದು ಹಿಂದೆ ಹೋದ್ರೆ ಇಷ್ಟೆಲ್ಲ ಮಾಡಿದ ಬೇಸ್ ಗಾಳಿಲೇ ಒಂದಕ್ಕೊಂದು ಹೊಡೆದು ಹೋಗ್ತದೆ, ಒಂದರ ವೈರ್ ತಿರುಗ್ಸಿ ಹಾಕಿ.